ಹಾಸಿಗೆ ಹುಣ್ಣು, ಹೊಸ ಯಂತ್ರ ಮತ್ತು ನಮ್ಮ ಕೈ

(ಇಟಗಿಯಲ್ಲಿ ಕೂಡಿದ್ದ ಗಿರಣಿ ಕಾಮಗಾರರು, ಹಮಾಲರು, ನೇಕಾರರು ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ. ಸಭೆಗೆ ಬಂದವರ ಅಪೇಕ್ಷೆಯ ಮೇರೆಗೆ ಇಲ್ಲಿ ಕೊಟ್ಟಿದೆ.)



ಭೀಮವ್ವನ ಈ ಊರಿಗೆ ರೋಣದಿಂದ, ನರಗುಂದದಿಂದ, ಗಜೇಂದ್ರಗಡದಿಂದ ನೀವೆಲ್ಲ ಕೆಲಸ ಬಿಟ್ಟು ಬಂದಿದ್ದೀರಿ. ಪಗಾರದ ಮಾತು, ಬಾಡಿಗೆಯ ಮಾತು, ಸಂತೆಯ ಕರದ ಮಾತು ಕೇಳಲಿಕ್ಕೆ ಬಂದಿರಬಹುದು. ಅದನ್ನು ನನ್ನ ನಂತರ ಮಾತಾಡುವವರು ಹೇಳುತ್ತಾರೆ. ನಾನು ಇಂದು ಹಾಸಿಗೆ ಹುಣ್ಣಿನ ಬಗ್ಗೆ ಮಾತಾಡಬೇಕೆಂದು ನಿಂತಿದ್ದೇನೆ.

ಇದೇನು, ಡಾಕ್ಟರರು ಹೇಳಬೇಕಾದ ಮಾತನ್ನು ಈ ಮನುಷ್ಯ ಹೇಳಲಿಕ್ಕೆ ನಿಂತಿದ್ದಾನಲ್ಲ ಎಂದು ಕೆಲವರು ನಗುತ್ತಿದ್ದೀರಿ. ನಗಬಹುದು. ಆದರೆ ಒಂದು ಮಾತು ಕೇಳಿರಿ. ಹಾಸಿಗೆ ಹುಣ್ಣು ಡಾಕ್ಟರರ ವಿಷಯವಾಗುವದು ಹುಣ್ಣು ಆದ ಮೇಲೆ. ಆಗುವದಕ್ಕಿಂತ ಮೊದಲು ಅದು ಗಡಿಯಾರದ ವಿಷಯ. ಮನೆಯಲ್ಲಿ ಎಷ್ಟು ಕೈ ಇವೆ, ಆ ಕೈಗಳು ಹಗಲೆಲ್ಲ ಎಲ್ಲಿ ದುಡಿದು ಬಂದಿವೆ, ರಾತ್ರಿ ಎದ್ದು ಕೂಡ್ರುವ ಶಕ್ತಿ ಅವುಗಳಲ್ಲಿ ಉಳಿದಿದೆಯೋ ಇಲ್ಲವೋ ಎಂಬ ವಿಷಯ. ಅಂದ ಮೇಲೆ ಅದು ನಮ್ಮ ವಿಷಯವೇ ಆಯಿತು.

ಈ ಹುಣ್ಣು ಯಾರಿಗೆ ಆಗುತ್ತದೆ? ಬಾವಿ ತೋಡುವಾಗ ಬಿದ್ದವನಿಗೆ, ಟ್ರ್ಯಾಕ್ಟರ ಮಗುಚಿ ಕೆಳಗೆ ಸಿಕ್ಕವನಿಗೆ, ಕಟ್ಟಡದ ಸೆಂಟ್ರಿಂಗಿನ ಮೇಲಿಂದ ಬಿದ್ದವನಿಗೆ, ಲಕ್ವಾ ಹೊಡೆದು ಮಲಗಿದ ಅಂಗಡಿಕಾರನಿಗೆ, ತೊಡೆಯ ಎಲುಬು ಮುರಿದ ಮುದುಕಿಗೆ. ಹಾಸಿಗೆ ಹಿಡಿದು ತಾನಾಗಿ ಮಗ್ಗಲು ಬದಲಿಸಲಾರದ ಯಾರಿಗಾದರೂ ಆಗುತ್ತದೆ. ಇಲ್ಲಿ ಕೂತವರಲ್ಲಿ ಇಂಥವರೊಬ್ಬರನ್ನು ತಮ್ಮ ಮನೆಯಲ್ಲಾಗಲಿ ಓಣಿಯಲ್ಲಾಗಲಿ ನೋಡದವರು ಕಡಿಮೆ.

ನನ್ನ ಮನೆಯ ಮಾತನ್ನೇ ಹೇಳುತ್ತೇನೆ. ನನ್ನ ಅಣ್ಣ ಹತ್ತಿಯ ಗಿರಣಿಯೊಂದರಲ್ಲಿ ಹಮಾಲಿ ಮಾಡುತ್ತಿದ್ದ. ಹದಿನಾಲ್ಕು ವರ್ಷದ ಹಿಂದೆ ಅಂಡಿಗೆಗಳ ಒಟ್ಟಿಲ ಮೇಲಿಂದ ಕಾಲು ಜಾರಿ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ತ್ರಾಣ ಹೋಯಿತು. ಗಿರಣಿ ಯಾವುದು, ದವಾಖಾನೆ ಯಾವುದು ಎಂದು ನಾನು ಹೇಳುವದಿಲ್ಲ. ಹೇಳಿದರೆ ನೀವು ಅಲ್ಲಿಯವರನ್ನು ಮಾತ್ರ ಬೈದು ಸುಮ್ಮನಾಗುವಿರಿ. ಮೂರು ವಾರ ದವಾಖಾನೆಯಲ್ಲಿ ಅಂಗಾತ ಮಲಗಿದ್ದ. ಇಡೀ ವಾರ್ಡಿಗೆ ರಾತ್ರಿ ಒಬ್ಬರೇ ನರ್ಸಬಾಯಿ. ಮನೆಗೆ ಕಳಿಸುವಾಗ ಗುಳಿಗೆಯ ಚೀಟಿ ಕೊಟ್ಟರು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿರಿ ಎಂದು ಬಾಗಿಲ ಹತ್ತಿರ ನಿಂತು ಹೇಳಿದರು. ಹೇಗೆ ಬದಲಿಸಬೇಕು, ಎಲ್ಲಿ ನೋಡಬೇಕು ಎಂದು ತೋರಿಸಲಿಕ್ಕೆ ಅವರಿಗೆ ಪುರುಸೊತ್ತಿರಲಿಲ್ಲ.

ಮನೆಯಲ್ಲಿ ಅವ್ವ, ಅತ್ತಿಗೆ, ನಾನು ಮೂವರು ಪಾಳಿ ಹಾಕಿಕೊಂಡೆವು. ರಾತ್ರಿ ಎರಡರ ಪಾಳಿ ನನ್ನದು. ನಾನು ಆಗ ದಿನಕ್ಕೆ ಹನ್ನೆರಡು ತಾಸು ಕೆಲಸ ಮಾಡುತ್ತಿದ್ದೆ. ಎಷ್ಟೋ ರಾತ್ರಿ ನನಗೆ ಎಚ್ಚರವಾಗಲಿಲ್ಲ. ಅಣ್ಣನೂ ಎಬ್ಬಿಸಲಿಲ್ಲ, 'ತಮ್ಮ ದಣದಾನ, ಮಲಕೊಳ್ಳಲಿ' ಎಂದು. ಒಂದು ಮುಂಜಾನೆ ಅವ್ವ ಅವನ ಮೈ ಒರಸುವಾಗ ಬಾಲದೆಲುಬಿನ ಹತ್ತಿರ ಕೈ ತಡೆದಳು.

'ಇಲ್ಲೆ ಕರೇ ಕಲೆ ಆಗೇತಲ್ಲೋ ಯಪ್ಪಾ, ನೋಯಂಗಿಲ್ಲೇನ ನಿನಗ?' ಎಂದಳು.

'ನನಗೇನೂ ಗೊತ್ತಾಗವಲ್ದಬೇ' ಎಂದ ಅಣ್ಣ.

ಅರಿಷಿಣ ಹಚ್ಚಿದೆವು, ಮುಲಾಮು ಹಚ್ಚಿದೆವು. ಒಂದು ರೂಪಾಯಿಯ ಅಗಲ ಇದ್ದ ಕಲೆ ಮುಷ್ಟಿ ಹಿಡಿಯುವಷ್ಟು ಕುಳಿಯಾಯಿತು. ಹನ್ನೊಂದು ತಿಂಗಳಿಗೆ ನಂಜು ರಕ್ತಕ್ಕೆ ಏರಿ ಅಣ್ಣ ತೀರಿಕೊಂಡ. ಬೆನ್ನುಹುರಿ ಮುರಿದದ್ದಕ್ಕೆ ಅವನು ಸಾಯಲಿಲ್ಲ, ಹುಣ್ಣಿನಿಂದ ಸತ್ತ. ಆ ಎರಡು ಗಂಟೆಯ ಪಾಳಿ ಈ ಹೊತ್ತಿಗೂ ನನಗೆ ನೆನಪಾಗುತ್ತದೆ.

ಹೀಗಾಗಿ ಮೈಗೆ ಅಂಟಿಸುವ ಒಂದು ಯಂತ್ರ ಬಂದಿದೆ, ಅದು ರೋಗಿಯ ಮಗ್ಗಲು ಬದಲಿಸುವ ಹೊತ್ತಾಯಿತೆಂದು ತಾನೇ ಎಚ್ಚರಿಸುತ್ತದೆ ಎಂದು ಕೇಳಿದ ಕೂಡಲೇ ನಾನು ಸಿಕ್ಕಿದ್ದನ್ನೆಲ್ಲ ಓದಿದೆ, ತಿಳಿದವರನ್ನು ಕೇಳಿದೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಹುಣ್ಣು ಯಾಕೆ ಆಗುತ್ತದೆಂಬುದನ್ನು ನೋಡೋಣ. ನಮ್ಮ ಚರ್ಮದಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿ ಅವುಗಳಲ್ಲಿಯ ಒತ್ತಡವನ್ನು ಅಳೆದ. ರಕ್ತ ಒಳಹೊಗುವ ತುದಿಯಲ್ಲಿ ಅದು ಸುಮಾರು 32 ಮಿಲಿಮೀಟರ್ ಪಾದರಸದಷ್ಟು. ಎಲುಬು ಮೇಲಿನಿಂದ, ಹಾಸಿಗೆ ಕೆಳಗಿನಿಂದ ಇದಕ್ಕಿಂತ ಎಷ್ಟೋ ಹೆಚ್ಚು ಒತ್ತಿದರೆ ನಡುವಿನ ಮಾಂಸಕ್ಕೆ ರಕ್ತ ಹೋಗುವದಿಲ್ಲ. ಹೊಲಕ್ಕೆ ಹೋಗುವ ಕಾಲುವೆಯ ಮೇಲೆ ಕಲ್ಲು ಇಟ್ಟಂತೆ. ಸ್ವಲ್ಪ ಹೊತ್ತಿನಲ್ಲಿ ಕಲ್ಲು ತೆಗೆದರೆ ಬೆಳೆ ಚೇತರಿಸಿಕೊಳ್ಳುತ್ತದೆ. ತಾಸುಗಟ್ಟಲೆ ಬಿಟ್ಟರೆ ಒಣಗುತ್ತದೆ.

ಗಟ್ಟಿಮುಟ್ಟಾದ ಮನುಷ್ಯನಿಗೆ ಯಾಕೆ ಆಗುವದಿಲ್ಲ? ನಾವು ನಿದ್ರೆಯಲ್ಲಿಯೂ ಹೊರಳಾಡುತ್ತೇವೆ. ಒತ್ತಿದ ಜಾಗ ನೋಯಲಿಕ್ಕೆ ಹತ್ತಿದ ಕೂಡಲೇ, ಎಚ್ಚರವಾಗದೆಯೇ, ಮೈ ತಾನೇ ತಿರುಗುತ್ತದೆ. ನೋವು ನಮ್ಮ ಮೈಯ ಕಾವಲುಗಾರ. ನನ್ನ ಅಣ್ಣನಂಥವರಲ್ಲಿ ಆ ಕಾವಲುಗಾರನಿಲ್ಲ. ಲಕ್ವಾ ಹೊಡೆದವನಿಗೆ ನೋವು ಗೊತ್ತಾದರೂ ತಿರುಗುವ ಶಕ್ತಿ ಇಲ್ಲ.

ಇದನ್ನು ಒಬ್ಬರು ಅಳೆದು ತೋರಿಸಿದ್ದಾರೆ. 1961ರಲ್ಲಿ ಇಂಗ್ಲಂಡಿನ ಎಕ್ಸ್‌ಟನ್-ಸ್ಮಿತ್ ಮತ್ತು ಶರ್ವಿನ್ ಎಂಬಿಬ್ಬರು ದವಾಖಾನೆಯಲ್ಲಿದ್ದ ಮುದುಕರ ಮಂಚಗಳಿಗೆ ಅಲುಗಾಟವನ್ನು ಗುರುತಿಸುವ ಸಲಕರಣೆ ಜೋಡಿಸಿದರು. ರಾತ್ರಿ ಯಾರು ಎಷ್ಟು ಸಲ ಹೊರಳಾಡುತ್ತಾರೆಂದು ಎಣಿಸಿದರು. ಐವತ್ತಕ್ಕಿಂತ ಹೆಚ್ಚು ಸಲ ಹೊರಳಿದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಇಪ್ಪತ್ತು ಅಥವಾ ಅದಕ್ಕಿಂತ ಕಡಿಮೆ ಸಲ ಹೊರಳಿದವರಲ್ಲಿ ನೂರಕ್ಕೆ ತೊಂಬತ್ತು ಜನರಿಗೆ ಆಯಿತು. ಇಂದಿನ ಸೆನ್ಸರಿನ ಅಜ್ಜ ಈ ಸಲಕರಣೆಯೇ ಎನ್ನಬಹುದು.

ಹಾಸಿಗೆ ಹುಣ್ಣು ತಪ್ಪಿಸಲಾರದ್ದು, ಹಣೆಬರಹದ್ದು ಎಂಬ ಮಾತು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ದೊಡ್ಡ ವೈದ್ಯ ಶಾರ್ಕೋ ಎಂಬವನು ನರಕ್ಕೆ ಪೆಟ್ಟಾದ ಮೇಲೆ ಈ ಹುಣ್ಣು ಬಂದೇ ಬರುತ್ತದೆಂದು ನಂಬಿದ್ದ. ಅದೇ ಕಾಲದ ಬ್ರೌನ್-ಸೆಕಾರ್ ಎಂಬವನು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಒತ್ತಡ ಮತ್ತು ಹಸಿ ಎರಡನ್ನೂ ತಡೆದರೆ ಹುಣ್ಣಾಗುವದಿಲ್ಲವೆಂದು ತೋರಿಸಿದ್ದ. ಆದರೆ ಗೆದ್ದದ್ದು ದೊಡ್ಡವನ ಮಾತು. ಬಹಳ ವರ್ಷ ಬೆನ್ನುಹುರಿ ಮುರಿದ ಸಿಪಾಯಿಗಳನ್ನು ಒಂದು ಮೂಲೆಯಲ್ಲಿ ಮಲಗಿಸಿ ಸಾವಿಗೆ ಕಾಯುತ್ತಿದ್ದರು.

ಈ ಮಾತನ್ನು ಮುರಿದವನು ಲುಡ್ವಿಗ್ ಗುಟ್‌ಮನ್. ಅವನು ಜರ್ಮನಿಯ ಯೆಹೂದಿ ವೈದ್ಯ. ಹಿಟ್ಲರನ ಕಾಟಕ್ಕೆ 1939ರಲ್ಲಿ ಇಂಗ್ಲಂಡಿಗೆ ಓಡಿ ಬಂದವನು. 1944ರಲ್ಲಿ ಸ್ಟೋಕ್ ಮ್ಯಾಂಡವಿಲ್ ಎಂಬಲ್ಲಿ ಬೆನ್ನುಹುರಿ ಮುರಿದ ಸಿಪಾಯಿಗಳ ವಾರ್ಡನ್ನು ಅವನಿಗೆ ಒಪ್ಪಿಸಿದರು. ಅವನು ತಂದದ್ದು ಹೊಸ ಔಷಧವನ್ನಲ್ಲ, ಒಂದು ಶಿಸ್ತನ್ನು. ಹಗಲಿರಲಿ ರಾತ್ರಿಯಿರಲಿ, ಎರಡು ತಾಸಿಗೊಮ್ಮೆ ಪ್ರತಿಯೊಬ್ಬನನ್ನೂ ಹೊರಳಿಸಬೇಕು. ಅದಕ್ಕಾಗಿಯೇ ಆಳುಗಳ ತಂಡ ಕಟ್ಟಿದ. ಸಾಯಬೇಕೆಂದಿದ್ದವರು ಎದ್ದು ಕೂತರು. 1948ರಲ್ಲಿ ಅವರಲ್ಲಿ ಹದಿನಾರು ಜನ ಗಾಲಿಕುರ್ಚಿಯ ಮೇಲೆ ಕೂತು ಬಿಲ್ಲುಬಾಣದ ಪಂದ್ಯ ಆಡಿದರು. ಅದರಿಂದಲೇ ಮುಂದೆ ಪ್ಯಾರಾಲಿಂಪಿಕ್ ಆಟಗಳು ಬೆಳೆದವು.

ಇಲ್ಲಿ ಒಂದು ಲೆಕ್ಕ ಮಾಡಿರಿ. ಎರಡು ತಾಸಿಗೊಮ್ಮೆ ಎಂದರೆ ದಿನಕ್ಕೆ 12 ಸಲ. ವರ್ಷಕ್ಕೆ 4380 ಸಲ. ದೀಪಾವಳಿಯೂ ಇಲ್ಲ, ಜಾತ್ರೆಯೂ ಇಲ್ಲ, ರವಿವಾರದ ಸೂಟಿಯೂ ಇಲ್ಲ. ಗುಟ್‌ಮನ್‌ನ ವಾರ್ಡಿನಲ್ಲಿ ಈ ಕೆಲಸಕ್ಕೆ ಪಗಾರದ ಆಳುಗಳಿದ್ದರು. ನಮ್ಮ ಮನೆಗಳಲ್ಲಿ ಅವ್ವ ಇದ್ದಾಳೆ, ಹೆಂಡತಿ ಇದ್ದಾಳೆ, ಶಾಲೆ ಬಿಡಿಸಿದ ಮಗಳು ಇದ್ದಾಳೆ. ಅವರ ದುಡಿಮೆ ಯಾವ ಹಾಜರಿ ಪುಸ್ತಕದಲ್ಲಿಯೂ ಇಲ್ಲ.

ಈಗ ಯಂತ್ರಕ್ಕೆ ಬರೋಣ.

ನಿಮ್ಮ ಕಿಸೆಯಲ್ಲಿಯ ಮೊಬೈಲನ್ನು ಅಡ್ಡ ಹಿಡಿದರೆ ಅದರಲ್ಲಿಯ ಚಿತ್ರವೂ ಅಡ್ಡ ತಿರುಗುತ್ತದೆ. ತಾನು ಹೇಗೆ ವಾಲಿದೆ ಎಂಬುದನ್ನು ಗುರುತಿಸುವ ಒಂದು ಸಣ್ಣ ಚೂರು ಅದರೊಳಗೆ ಇದೆ. ಅಂಥದೇ ಚೂರನ್ನು ಒಂದು ಬಿಲ್ಲೆಯಲ್ಲಿ ಕೂಡಿಸಿ ರೋಗಿಯ ಎದೆಗೆ ಪಟ್ಟಿಯಂತೆ ಅಂಟಿಸುತ್ತಾರೆ. ಇದಕ್ಕೆ ಸೆನ್ಸರ್ ಎನ್ನುತ್ತಾರೆ. ರೋಗಿ ಅಂಗಾತ ಇದ್ದಾನೋ, ಎಡಮಗ್ಗಲೋ, ಬಲಮಗ್ಗಲೋ, ಎಷ್ಟು ಹೊತ್ತಿನಿಂದ ಹಾಗೆ ಇದ್ದಾನೆ ಎಂಬುದನ್ನು ಅದು ತಂತಿಯಿಲ್ಲದೆ ನರ್ಸಬಾಯಿಯ ಮೇಜಿನ ಮೇಲಿನ ಪರದೆಗೆ ಕಳಿಸುತ್ತದೆ. ಹೊತ್ತು ಮೀರಿದರೆ ಆ ರೋಗಿಯ ಹೆಸರಿನ ಮುಂದೆ ಬಣ್ಣ ಬದಲಾಗುತ್ತದೆ. ರೋಗಿ ತಾನೇ ಹೊರಳಿಕೊಂಡರೆ ಅದನ್ನೂ ಲೆಕ್ಕಕ್ಕೆ ಹಿಡಿದು ಹೊತ್ತನ್ನು ಮತ್ತೆ ಮೊದಲಿನಿಂದ ಎಣಿಸುತ್ತದೆ.

ಇದರಿಂದ ಉಪಯೋಗವಾಯಿತೇ? ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ದವಾಖಾನೆಯ ಅತಿ ಗಂಭೀರ ರೋಗಿಗಳ ವಾರ್ಡುಗಳಲ್ಲಿ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. 1312 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಎಲ್ಲರಿಗೂ ಬಿಲ್ಲೆ ಅಂಟಿಸಿದರು. ಆದರೆ ಒಂದು ಪಾಲಿನ ರೋಗಿಗಳ ಬಣ್ಣ ಮಾತ್ರ ನರ್ಸಬಾಯಿಯರಿಗೆ ಕಾಣುತ್ತಿತ್ತು, ಇನ್ನೊಂದು ಪಾಲಿನದು ಕಾಣುತ್ತಿರಲಿಲ್ಲ. ಕಾಣುತ್ತಿದ್ದ ಪಾಲಿನಲ್ಲಿ ಹುಣ್ಣಾದವರು 5 ಜನ. ಕಾಣದ ಪಾಲಿನಲ್ಲಿ 15 ಜನ. ಹೊತ್ತಿಗೆ ಸರಿಯಾಗಿ ಮಗ್ಗಲು ಬದಲಾದದ್ದು ಮೊದಲಿನ ಪಾಲಿನಲ್ಲಿ ನೂರಕ್ಕೆ 67, ಎರಡನೆಯದರಲ್ಲಿ 54.

ಈ ಅಂಕಿಗಳನ್ನು ನಾನು ಹಲವು ಸಲ ಓದಿದೆ. ಇವುಗಳಲ್ಲಿ ಎರಡು ಮಾತುಗಳಿವೆ. ಮೊದಲನೆಯದು, ಯಂತ್ರದಿಂದ ಉಪಯೋಗವಿದೆ. ಹತ್ತು ಜನ ಹುಣ್ಣಿನಿಂದ ಉಳಿದರೆಂದರೆ ಅದು ಸಣ್ಣ ಮಾತಲ್ಲ. ಇದು ಒಂದೇ ದವಾಖಾನೆಯ ಪರೀಕ್ಷೆ, ಇನ್ನೂ ಹಲವು ಕಡೆ ಆಗಬೇಕು ಎಂಬುದನ್ನೂ ನೆನಪಿಡೋಣ. ಎರಡನೆಯದು, ಅಷ್ಟು ಶ್ರೀಮಂತ ದವಾಖಾನೆಯಲ್ಲಿ, ಎದೆಯ ಮೇಲೆ ಯಂತ್ರ ಇದ್ದು, ಕಣ್ಣೆದುರಿಗೆ ಬಣ್ಣ ಬದಲಾಗುತ್ತಿದ್ದರೂ ನೂರಕ್ಕೆ 33 ಪಾಲು ಹೊತ್ತು ಮೀರಿಯೇ ಹೋಯಿತು. ಯಾಕೆ? ನರ್ಸಬಾಯಿಗೆ ಗೊತ್ತಿರಲಿಲ್ಲವೆಂದು ಇನ್ನು ಹೇಳುವ ಹಾಗಿಲ್ಲ. ಗೊತ್ತಿದ್ದರೂ ಬಿಡುವಿರಬೇಕು, ಕೈ ಇರಬೇಕು. ಭಾರದ ರೋಗಿಯನ್ನು ಒಬ್ಬಳೇ ಹೊರಳಿಸಲಾರಳು, ಇನ್ನೊಬ್ಬರು ಬರಬೇಕು.

ಈ ಮಾತಿಗೆ ನಮ್ಮ ದಕ್ಷಿಣ ದೇಶಕ್ಕೆ ಸಂಬಂಧಪಟ್ಟ ಒಂದು ಕತೆ ಇದೆ. ಡಾಕ್ಟರ್ ಪಾಲ್ ಬ್ರ್ಯಾಂಡ್ ಎಂಬವರು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು. ವೆಲ್ಲೂರಿನಲ್ಲಿ ಬಹಳ ವರ್ಷ ಕುಷ್ಠರೋಗಿಗಳ ಕೈಕಾಲುಗಳ ಶಸ್ತ್ರಚಿಕಿತ್ಸೆ ಮಾಡಿದರು. ಬೆರಳು ಸವೆಯುವದು ನೇರವಾಗಿ ರೋಗದಿಂದಲ್ಲ, ನೋವು ಗೊತ್ತಾಗದೆ ಪೆಟ್ಟು ಮಾಡಿಕೊಳ್ಳುವದರಿಂದ ಎಂದು ತೋರಿಸಿಕೊಟ್ಟವರು ಅವರೇ. ಮುಂದೆ ಅಮೇರಿಕೆಗೆ ಹೋದ ಮೇಲೆ ನೋವಿಗೆ ಬದಲಿಯಾಗಿ ಯಂತ್ರವನ್ನೇ ಮಾಡಬೇಕೆಂದು ಹೊರಟರು. ಕೈಚೀಲ, ಕಾಲುಚೀಲಗಳಲ್ಲಿ ಒತ್ತಡ ತಿಳಿಯುವ ಸೆನ್ಸರ್ ಕೂಡಿಸಿದರು. ಅಪಾಯವಾದರೆ ಕಿವಿಯಲ್ಲಿ ಸದ್ದಾಗುತ್ತಿತ್ತು. ರೋಗಿಗಳು ಸದ್ದನ್ನು ಕೇಳಿಯೂ ಕೆಲಸ ಬಿಡಲಿಲ್ಲ. ದೀಪ ಹತ್ತಿಸಿ ನೋಡಿದರು, ಅದಕ್ಕೂ ಲಕ್ಷ್ಯ ಕೊಡಲಿಲ್ಲ. ಕಡೆಗೆ ವಿದ್ಯುತ್ತಿನ ಪೆಟ್ಟು ಕೊಟ್ಟರು. ಆಗ ರೋಗಿಗಳು ಅಪಾಯದ ಕೆಲಸ ಮಾಡಬೇಕಾದಾಗ ಯಂತ್ರವನ್ನೇ ಬಂದು ಮಾಡಿ, ಕೆಲಸ ಮುಗಿದ ಮೇಲೆ ಮತ್ತೆ ಚಾಲೂ ಮಾಡಲಿಕ್ಕೆ ಹತ್ತಿದರು. ಬ್ರ್ಯಾಂಡರು ಆ ಪ್ರಯತ್ನವನ್ನು ಕೈಬಿಟ್ಟರು.

ಕೇಳಿ ನಗು ಬಂದಿರಬಹುದು. ನನಗೆ ಬರಲಿಲ್ಲ. ಎರಡು ಗಂಟೆಗೆ ಗಂಟೆ ಬಾರಿಸುವ ಯಂತ್ರ ನನ್ನ ತಲೆದಿಂಬಿನ ಹತ್ತಿರ ಇದ್ದಿದ್ದರೆ ನಾನು ಏಳುತ್ತಿದ್ದೆನೇ? ಕೆಲವು ರಾತ್ರಿ ಏಳುತ್ತಿದ್ದೆ. ಕೆಲವು ರಾತ್ರಿ, ಹನ್ನೆರಡು ತಾಸು ದುಡಿದ ಮೈಯಿಂದ, ಅದರ ಬಾಯಿ ಮುಚ್ಚಿ ಮಲಗುತ್ತಿದ್ದೆ. ಅಣ್ಣ ಉಳಿಯಬೇಕಾದರೆ ಗಂಟೆ ಬಾರಿಸುವ ಯಂತ್ರದ ಜೊತೆಗೆ ನನಗೆ ಎಂಟು ತಾಸಿನ ಕೆಲಸವೂ ಬೇಕಿತ್ತು, ನಮ್ಮ ಮನೆಗೆ ಇನ್ನೆರಡು ಕೈಗಳೂ ಬೇಕಿದ್ದವು.

ಯಂತ್ರದ ಮಿತಿಯನ್ನೂ ತಿಳಿದಿರಬೇಕು. ಎದೆಯ ಮೇಲಿನ ಬಿಲ್ಲೆಗೆ ಎದೆ ತಿರುಗಿದ್ದು ಗೊತ್ತಾಗುತ್ತದೆ. ಹಿಮ್ಮಡಿ ಇನ್ನೂ ಹಾಸಿಗೆಗೆ ಒತ್ತಿಕೊಂಡೇ ಇದ್ದರೆ ಅದಕ್ಕೆ ತಿಳಿಯುವದಿಲ್ಲ. ಹಾಸಿಗೆ ಉಚ್ಚೆಯಿಂದ ಹಸಿಯಾದದ್ದೂ, ಧೋತರ ಮಡಿಕೆಬಿದ್ದು ಬೆನ್ನಿನ ಕೆಳಗೆ ಒತ್ತುತ್ತಿರುವದೂ ತಿಳಿಯುವದಿಲ್ಲ. ಹಸಿಯನ್ನು, ಚರ್ಮದೊಳಗಿನ ಕೇಡನ್ನು ತಿಳಿಯುವ ಬೇರೆ ಸಲಕರಣೆಗಳನ್ನೂ ಮಾಡುತ್ತಿದ್ದಾರೆ. 2015ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕಲಿಯವರು ಬಳುಕುವ ಪಟ್ಟಿಯ ಮೇಲೆ ಸಣ್ಣ ವಿದ್ಯುತ್ ತುದಿಗಳನ್ನು ಅಚ್ಚುಮಾಡಿ, ಇಲಿಗಳ ಚರ್ಮದಲ್ಲಿ ಕಣ್ಣಿಗೆ ಕಾಣುವ ಮೊದಲೇ ಕೇಡನ್ನು ಗುರುತಿಸಿ ತೋರಿಸಿದರು. ನಮ್ಮ ಬೆಂಗಳೂರಿನಲ್ಲಿಯೂ ಡೋಜಿ ಎಂಬ ಕಂಪನಿ ಗಾದಿಯ ಕೆಳಗೆ ಇಟ್ಟು ರೋಗಿಯ ನಾಡಿ, ಉಸಿರು ತಿಳಿಯುವ ಹಾಳೆ ಮಾಡುತ್ತದೆ. ಅಂದರೆ ಇಂಥವನ್ನು ಮಾಡುವ ಬುದ್ಧಿ ನಮ್ಮ ನಾಡಿನಲ್ಲಿಯೇ ಇದೆ. ಅದು ರೋಣದ ಸೀಮೆಯ ಹಮಾಲನ ಮನೆಯ ಹಾಸಿಗೆಯವರೆಗೆ ಬರಬೇಕೆಂದು ಕೇಳುವವರು ಬೇಕು.

ಇನ್ನೊಂದು ಎಚ್ಚರಿಕೆಯ ಮಾತು. ಗಿರಣಿಯ ಬಾಗಿಲಲ್ಲಿಯ ಹಾಜರಿ ಗಡಿಯಾರವನ್ನು ನೀವೆಲ್ಲ ಬಲ್ಲಿರಿ. ಗಡಿಯಾರ ಕೆಟ್ಟದ್ದಲ್ಲ. ಐದು ಮಿನಿಟು ತಡವಾದರೆ ಅರ್ಧ ದಿನದ ಪಗಾರ ಮುರಿಯಲಿಕ್ಕೆ ಅದನ್ನು ಬಳಸುವವನ ಕೈ ಕೆಟ್ಟದ್ದು. ಈ ಬಿಲ್ಲೆಯ ಲೆಕ್ಕವೂ ಹಾಗೆಯೇ. ಅದರಿಂದ ಒಂದು ವಾರ್ಡಿನಲ್ಲಿ ರಾತ್ರಿ ಎಷ್ಟು ಸಲ ಹೊತ್ತು ಮೀರಿತೆಂದು ತಿಳಿಯುತ್ತದೆ. ಆ ಲೆಕ್ಕವನ್ನು ಹಿಡಿದು, 'ಇಲ್ಲಿ ಇನ್ನಿಬ್ಬರು ನರ್ಸಬಾಯಿಯರು ಬೇಕು' ಎಂದು ಕೇಳಬಹುದು. ಅದೇ ಲೆಕ್ಕವನ್ನು ಹಿಡಿದು ಇದ್ದ ಒಬ್ಬಳಿಗೆ ದಂಡವನ್ನೂ ಹಾಕಬಹುದು. ಯಾವುದಕ್ಕೆ ಬಳಸಬೇಕೆಂದು ಯಂತ್ರ ಹೇಳುವದಿಲ್ಲ. ನಾವು ಹೇಳಬೇಕು. ನರ್ಸಬಾಯಿಯೂ ದುಡಿಯುವವಳೇ. ರೋಗಿಯ ಮನೆಯವರು ಆಕೆಯೊಂದಿಗೆ ಜಗಳಾಡುವದನ್ನು ಬಿಟ್ಟು ಆಕೆಯ ಮಗ್ಗುಲಿಗೆ ನಿಂತು ಕೇಳಿದರೆ ಇಬ್ಬರ ಕೆಲಸವೂ ಆದೀತು.

ಈಗ ನೀವು ಕೇಳಬಹುದು: 'ಯಂತ್ರ ಬರುವಾಗ ಬರಲಿ, ನಮ್ಮ ಮನೆಯಲ್ಲಿ ಮಲಗಿದವರಿಗೆ ಇವತ್ತು ಏನು ಮಾಡಬೇಕು?' ಅದನ್ನು ಹೇಳುತ್ತೇನೆ. ತಾಯಂದಿರು ಲಕ್ಷ್ಯಕೊಟ್ಟು ಕೇಳಬೇಕು, ಗಂಡಸರು ಅದಕ್ಕಿಂತ ಹೆಚ್ಚು ಲಕ್ಷ್ಯಕೊಟ್ಟು ಕೇಳಬೇಕು.

ದಿನಕ್ಕೆರಡು ಸಲ ಮೈ ನೋಡಿರಿ. ತಲೆಯ ಹಿಂಭಾಗ, ಹೆಗಲಿನ ಎಲುಬು, ಮೊಣಕೈ, ಬಾಲದೆಲುಬು, ಸೊಂಟದ ಎರಡು ಬದಿ, ಹಿಮ್ಮಡಿ, ಇವೇ ಕೇಡಿನ ಜಾಗ. ಬಿಳಿ ಚರ್ಮದವರಲ್ಲಿ ಮೊದಲು ಕೆಂಪಗಾಗುತ್ತದೆ, ಬೆರಳಿನಿಂದ ಒತ್ತಿದರೂ ಆ ಕೆಂಪು ಹೋಗುವದಿಲ್ಲ ಎಂದು ಪುಸ್ತಕದಲ್ಲಿ ಬರೆದಿದೆ. ನಮ್ಮ ಕಪ್ಪು ಚರ್ಮದಲ್ಲಿ ಆ ಕೆಂಪು ಕಾಣುವದಿಲ್ಲ. ಆದ್ದರಿಂದ ಕಣ್ಣಿನಿಂದ ನೋಡಿದ್ದು ಸಾಲದು, ಕೈಯಿಂದ ಮುಟ್ಟಿ ನೋಡಬೇಕು. ಸುತ್ತಲಿಗಿಂತ ಬಿಸಿ ಇದೆಯೇ, ಗಟ್ಟಿಯಾಗಿದೆಯೇ, ಮೆತ್ತಗಾಗಿದೆಯೇ, ಬಣ್ಣ ಇನ್ನೂ ಕಪ್ಪಾಗಿದೆಯೇ? ಹಾಗಿದ್ದರೆ ಆ ಮಗ್ಗಲು ಮಲಗಿಸಬೇಡಿರಿ. ಅಲ್ಲಿ ತಿಕ್ಕಬೇಡಿರಿ, ಎಣ್ಣೆ ಹಚ್ಚಿ ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ.

ಮಗ್ಗಲಿಗೆ ಪೂರ್ತಿ ಹೊರಳಿಸಿದರೆ ಸೊಂಟದ ಎಲುಬಿನ ಮೇಲೆ ಭಾರ ಬೀಳುತ್ತದೆ. ಬೆನ್ನಿನ ಹಿಂದೆ ಕೌದಿಯನ್ನು ಸುತ್ತಿ ಇಟ್ಟು ಅರೆಮಗ್ಗಲಾಗಿ ಒರಗಿಸಿರಿ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿಯನ್ನು ಹಾಸಿಗೆಗೆ ತಾಗದಂತೆ ಎತ್ತಿರಿ. ಎಳೆದು ಸರಿಸಬೇಡಿರಿ, ಕೆಳಗೆ ಹಾಸಿದ ಬಟ್ಟೆಯನ್ನು ಇಬ್ಬರು ಹಿಡಿದು ಎತ್ತಿ ಸರಿಸಿರಿ. ಎಳೆದರೆ ಮೇಲಿನ ಚರ್ಮ ಹಾಸಿಗೆಗೆ ಹಿಡಿದು ಒಳಗಿನ ರಕ್ತನಾಳ ಹರಿಯುತ್ತವೆ. ಉಂಗುರದಂಥ ಗಾಳಿದಿಂಬು ಒಳ್ಳೆಯದೆಂದು ಹಲವರು ತರುತ್ತಾರೆ. ಅದು ಸುತ್ತಲಿನ ರಕ್ತ ತಡೆಯುತ್ತದೆ, ಬೇಡ. ಹಸಿಯಾದ ಬಟ್ಟೆ ಕೂಡಲೇ ಬದಲಿಸಿರಿ. ಬೇಳೆ, ಮೊಸರು, ಆಗುವವರು ತತ್ತಿ ಕೊಡಿರಿ. ಬರೇ ಗಂಜಿಯಿಂದ ಮಾಂಸ ಬೆಳೆಯುವದಿಲ್ಲ. ಗಾಲಿಕುರ್ಚಿಯಲ್ಲಿ ಕೂಡ್ರುವವರು ಅರ್ಧ ತಾಸಿಗೊಮ್ಮೆಯಾದರೂ ಕೈಯೂರಿ ಮೈ ಎತ್ತಬೇಕು, ಇಲ್ಲವೇ ಮುಂದೆ ಬಾಗಬೇಕು. ಗಾಯ ಬಾಯಿ ತೆರೆದರೆ ಅಥವಾ ಕಪ್ಪಾದರೆ ಮನೆಯ ಮದ್ದು ಮಾಡುತ್ತ ಕೂಡ್ರದೆ ದವಾಖಾನೆಗೆ ಒಯ್ಯಿರಿ. ನಾವು ಅಲ್ಲಿಯೇ ತಪ್ಪಿದೆವು.

ಗಾದಿಯ ಮಾತೂ ದೊಡ್ಡದು. 2013ರಲ್ಲಿ ಅಮೇರಿಕ ಮತ್ತು ಕೆನಡಾದ ವೃದ್ಧಾಶ್ರಮಗಳಲ್ಲಿ ಒಂದು ಪರೀಕ್ಷೆಯಾಯಿತು. ಒಳ್ಳೆಯ ದಟ್ಟ ಫೋಮಿನ ಗಾದಿ ಇದ್ದಲ್ಲಿ ಎರಡು ತಾಸಿಗೆ, ಮೂರು ತಾಸಿಗೆ, ನಾಲ್ಕು ತಾಸಿಗೆ ಹೊರಳಿಸಿದವರಲ್ಲಿ ಹುಣ್ಣಿನ ಫರಕು ಕಾಣಲಿಲ್ಲ. ಎಲ್ಲ ರೋಗಿಗಳಿಗೂ ಇದು ಹೊಂದುವದಿಲ್ಲ. ಬೆನ್ನುಹುರಿ ಮುರಿದವರ ವಿಷಯದಲ್ಲಿ ಡಾಕ್ಟರರು ಹೇಳಿದಂತೆಯೇ ನಡೆಯಬೇಕು. ಆದರೆ ಒಳ್ಳೆಯ ಗಾದಿ ಎಂದರೆ ಮನೆಯ ಹೆಣ್ಣುಮಗಳಿಗೆ ರಾತ್ರಿಯ ನಿದ್ರೆ ಎಂಬುದು ಇದರಿಂದ ತಿಳಿಯುತ್ತದೆ. ಹೊಳೆಯುವ ಯಂತ್ರವನ್ನು ಕೇಳುವ ಮೊದಲು ಗಾದಿಯನ್ನು ಕೇಳಬೇಕು.

ಅಂದ ಮೇಲೆ ನಾವು ಏನು ಕೇಳಬೇಕು, ಏನು ಮಾಡಬೇಕು?

ಒಂದು: ಹೊರಳಲಾರದ ರೋಗಿಯನ್ನು ದವಾಖಾನೆಯಿಂದ ಮನೆಗೆ ಕಳಿಸುವ ಮೊದಲು ಮನೆಯ ಇಬ್ಬರಿಗೆ ಹೊರಳಿಸುವದನ್ನು ಕೈಹಿಡಿದು ಕಲಿಸಬೇಕು. ಮಗ್ಗಲು ಬದಲಿಸುವ ಹೊತ್ತಿನ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಕೊಡಬೇಕು.

ಎರಡು: ತಾಲೂಕು ದವಾಖಾನೆಗಳಲ್ಲಿ ಫೋಮಿನ ಗಾದಿ, ಈ ಬಿಲ್ಲೆಗಳು ಬಂದ ಮೇಲೆ ಬಿಲ್ಲೆಗಳನ್ನೂ, ವಾಚನಾಲಯದ ಪುಸ್ತಕದಂತೆ ಎರವಲು ಕೊಡಬೇಕು. ರೋಗಿ ಎದ್ದ ಮೇಲೆ ಗಾದಿ ಮತ್ತೊಬ್ಬರಿಗೆ ಹೋಗಲಿ.

ಮೂರು: ಅಪಘಾತದ ಪರಿಹಾರ ಕೇಳುವಾಗ ಹೋದ ಪಗಾರವನ್ನು ಮಾತ್ರ ಕೇಳಬೇಡಿರಿ, ಆರೈಕೆ ಮಾಡುವವರ ದುಡಿಮೆಯನ್ನೂ ಕೇಳಿರಿ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ರಸ್ತೆಯ ಅಪಘಾತದಲ್ಲಿ ಪೂರ್ತಿ ಅಂಗವಿಕಲಳಾದ ಹುಡುಗಿಯೊಬ್ಬಳ ಖಟ್ಲೆಯಲ್ಲಿ, ಹಗಲುರಾತ್ರಿ ನೋಡಿಕೊಳ್ಳಲಿಕ್ಕೆ ಇಬ್ಬರು ಬೇಕೆಂದು ಒಪ್ಪಿ ಅದೊಂದಕ್ಕೇ 21 ಲಕ್ಷ 60 ಸಾವಿರ ರೂಪಾಯಿ ಹಿಡಿಯಿತು. ಅಂದರೆ ಆ ಕೆಲಸಕ್ಕೆ ಬೆಲೆ ಇದೆಯೆಂದು ದೊಡ್ಡ ನ್ಯಾಯಾಲಯವೇ ಹೇಳಿದಂತಾಯಿತು. ಎಲ್ಲ ಖಟ್ಲೆಗಳಲ್ಲಿ ಅಷ್ಟು ಸಿಗುವದೆಂದು ನಾನು ಹೇಳುವದಿಲ್ಲ. ಆದರೆ ಕೇಳದವನಿಗೆ ಏನೂ ಸಿಗುವದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿಯೂ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆಯ ಭತ್ಯೆಯ ಮಾತು ಇದೆ. ಅದು ಕಾಗದದಿಂದ ಮನೆಗೆ ಬರುವ ಹಾಗೆ ಮಾಡುವದು ನಮ್ಮ ಕೆಲಸ.

ನಾಲ್ಕು: ಯಾವ ದವಾಖಾನೆಯಲ್ಲಿ ಈ ಸೆನ್ಸರ್ ಬಂದರೂ ಅದರ ಲೆಕ್ಕವನ್ನು ಪಗಾರ ಮುರಿಯಲಿಕ್ಕೆ ಬಳಸಬಾರದು. ಕೈ ಎಷ್ಟು ಕಡಿಮೆ ಇವೆ ಎಂಬುದನ್ನು ತೋರಿಸಲಿಕ್ಕೆ ಬಳಸಬೇಕು.

ಐದನೆಯದನ್ನು ಯಾರ ಹತ್ತಿರವೂ ಕೇಳಬೇಕಾಗಿಲ್ಲ, ನಾವೇ ಮಾಡಬೇಕು. ಇಲ್ಲಿಂದ ದೂರವೇನಲ್ಲ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘ ಅದು. ಒಬ್ಬನ ಹತ್ತಿರ ಹಣವಿಲ್ಲದಿದ್ದರೆ ಹತ್ತು ಜನರ ಹತ್ತಿರ ಸ್ವಲ್ಪ ಸ್ವಲ್ಪ ಇರುತ್ತದೆಂಬ ಬುದ್ಧಿ ನಮ್ಮ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿದ್ದು. ಕೈಗಳ ಮಾತೂ ಅದೇ. ಒಂದು ಮನೆಯವರು ವರ್ಷಕ್ಕೆ 4380 ಸಲ ಏಳಲಾರರು. ಓಣಿಯ ಏಳು ಮನೆಯವರು ವಾರಕ್ಕೆ ಒಂದೊಂದು ರಾತ್ರಿ ಹಂಚಿಕೊಂಡರೆ ಆ ಮನೆಯ ಹೆಣ್ಣುಮಗಳು ವಾರದಲ್ಲಿ ಕೆಲವು ರಾತ್ರಿಯಾದರೂ ಮಲಗಿಯಾಳು. ಯಂತ್ರ ಬರುವವರೆಗೆ ಮೊಬೈಲಿನ ಅಲಾರಂ ಸಾಕು. ಯಂತ್ರ ಬಂದ ಮೇಲೆ ಅದು ಎಬ್ಬಿಸಿದಾಗ ಏಳಲಿಕ್ಕೆ ಒಬ್ಬರು ಇದ್ದೇ ಇರಬೇಕು.

ನನ್ನ ಮಾತು ಮುಗಿಯಿತು. ಅಲ್ಲಿ ಕಟ್ಟೆಯ ಮೇಲೆ ಒಂದು ನೋಟಬುಕ್ಕು ಇಟ್ಟಿದೆ. ನಿಮ್ಮ ಓಣಿಯಲ್ಲಿ ಹಾಸಿಗೆ ಹಿಡಿದವರು ಯಾರಾದರೂ ಇದ್ದರೆ, ಅವರ ಮನೆಯವರ ಒಪ್ಪಿಗೆ ಇದ್ದರೆ, ಬರೆಸಿರಿ. ರಾತ್ರಿಯ ಒಂದು ಪಾಳಿ ಕೊಡುವ ಮನಸ್ಸಿದ್ದವರೂ ಬರೆಸಿರಿ. ಎರಡು ಗಂಟೆಯ ಪಾಳಿಯ ಮುಂದೆ ನನ್ನ ಹೆಸರನ್ನು ಮೊದಲೇ ಬರೆದಿದ್ದೇನೆ.